ರುಮಡ, ಅತ್ತಿ, ಔದುಂಬರ: ಕಾಣಕೋಣದ ಒಂದು ಮರವನ್ನು ಓದುವ ಬಗೆ

ಗೋವೆಯ ದಕ್ಷಿಣದ ಕೊನೆಯ ತಾಲ್ಲೂಕಾದ ಕಾಣಕೋಣದಲ್ಲಿ ಹಳ್ಳದ ದಡ, ಬಾವಿಯ ಬದಿ, ತೋಟದ ಅಂಚುಗಳಲ್ಲಿ ನಿಂತಿರುವ ಮರವೊಂದನ್ನು ಕೊಂಕಣಿಯಲ್ಲಿ ರುಮಡ ಎನ್ನುತ್ತಾರೆ. ಪೋಳೆಯ ಗಡಿಯನ್ನು ದಾಟಿ ಕಾರವಾರದ ಕಡೆಯ ಮಾಜಾಳಿಗೆ ಬಂದರೆ ಆ ಮರ ಕೊಂಕಣಿ ಮನೆಗಳಲ್ಲಿ ರುಮಡವಾಗಿ ಉಳಿಯುತ್ತದೆ, ಕನ್ನಡದ ಬಾಯಲ್ಲಿ ಅತ್ತಿಯಾಗುತ್ತದೆ. ಮರಾಠಿಯವರಿಗೆ ಅದು ಉಂಬರ, ಸಂಸ್ಕೃತದಲ್ಲಿ ಉದುಂಬರ, ದತ್ತಭಕ್ತರಿಗೆ ಔದುಂಬರ, ಸಸ್ಯಶಾಸ್ತ್ರಕ್ಕೆ ಫೈಕಸ್ ರಾಸೆಮೋಸ. ಇಂಗ್ಲಿಷಿನ ಮೂಲಕ ಈ ಮರವನ್ನು ತಲುಪುವ ಓದುಗನಿಗೆ ಅದು ಬೈಬಲ್ಲಿನ ಸಿಕಮೋರ್ ಮರದ ಹತ್ತಿರದ ಬಂಧು. ಒಂದೇ ಮರಕ್ಕೆ ಇಷ್ಟು ಹೆಸರುಗಳಿರುವುದು ಭಾಷೆಗಳ ಸಂಪತ್ತೆಂದು ತಿಳಿಯುವುದು ಸಹಜ. ಆದರೆ ಕೊಂಕಣಿಯ ಹಾಡನ್ನೋ ಕಥೆಯನ್ನೋ ಕನ್ನಡಕ್ಕೆ ತರುವವರು ಇವುಗಳಲ್ಲಿ ಒಂದನ್ನು ಆರಿಸಲೇಬೇಕಾಗುತ್ತದೆ. ಆ ಆಯ್ಕೆಯನ್ನು ನಿಘಂಟಿನ ಕೆಲಸವೆಂದು ಬಗೆದು ಮುಂದೆ ಸಾಗುವುದು ವಾಡಿಕೆಯಾಗಿದೆ. ವಾಸ್ತವದಲ್ಲಿ ಅದು ವಿಮರ್ಶೆಯ ಕೆಲಸ. ಪ್ರತಿಯೊಂದು ಹೆಸರೂ ಮರವನ್ನು ಒಂದೊಂದು ದಿಕ್ಕಿನಿಂದ ನೋಡುತ್ತದೆ. ಹೆಸರನ್ನು ಆರಿಸಿದ ಕ್ಷಣದಲ್ಲಿಯೇ ಮರವನ್ನು ಯಾರ ಕಣ್ಣಿನಿಂದ ನೋಡಬೇಕೆಂಬುದೂ ತೀರ್ಮಾನವಾಗಿಬಿಡುತ್ತದೆ.

ಸಿಕಮೋರ್ ಎಂಬ ಪದದ ಚರಿತ್ರೆಯೇ ಇದಕ್ಕೆ ಒಳ್ಳೆಯ ಪೀಠಿಕೆ. ಅಂಜೂರ ಮತ್ತು ಹಿಪ್ಪುನೇರಳೆಯನ್ನು ಸೂಚಿಸುವ ಎರಡು ಗ್ರೀಕ್ ಶಬ್ದಗಳು ಕೂಡಿ ಆದ ಈ ಹೆಸರು ಮೊದಲು ಸಲ್ಲುತ್ತಿದ್ದುದು ಈಜಿಪ್ಟ್ ಮತ್ತು ಪ್ಯಾಲೆಸ್ಟೈನಿನ ಫೈಕಸ್ ಸೈಕೊಮೋರಸ್ ಮರಕ್ಕೆ. ಪ್ರಾಚೀನ ಈಜಿಪ್ಟಿನಲ್ಲಿ ಹಾಥೋರ್ ದೇವಿಯು ಈ ಮರದ ಒಡತಿ. ಗೋರಿಗಳ ಭಿತ್ತಿಚಿತ್ರಗಳಲ್ಲಿ ಮರದೊಳಗಿಂದ ಮೂಡಿದ ದೇವಿ ಸತ್ತವರಿಗೆ ನೀರು, ಅನ್ನ ನೀಡುತ್ತಾಳೆ. ಶವಪೆಟ್ಟಿಗೆಗಳಿಗೂ ಇದೇ ಮರ ಬಳಕೆಯಾಗುತ್ತಿತ್ತು. ಹೀಬ್ರೂ ಗ್ರಂಥಗಳಲ್ಲಿ ಈ ಮರದ ಸ್ಥಾನ ಬೇರೆ. ದಾವೀದನ ಆಡಳಿತದಲ್ಲಿ ತಗ್ಗುಪ್ರದೇಶದ ಎಣ್ಣೆಮರಗಳನ್ನೂ ಸಿಕಮೋರ್ ಮರಗಳನ್ನೂ ನೋಡಿಕೊಳ್ಳಲು ಅಧಿಕಾರಿಯೊಬ್ಬನಿದ್ದ. ಪ್ರವಾದಿ ಆಮೋಸನು ತನ್ನನ್ನು ಪರಿಚಯಿಸಿಕೊಳ್ಳುವುದು ಕುರಿಗಾಹಿಯಾಗಿ ಮತ್ತು ಈ ಮರದ ಹಣ್ಣಿನ ಕೆಲಸಗಾರನಾಗಿ. ಯೆಶಾಯನ ಗ್ರಂಥದಲ್ಲಿ ಸಿಕಮೋರ್ ಕಡಿದುಹೋದರೆ ದೇವದಾರು ನೆಡುತ್ತೇವೆಂಬ ಗರ್ವದ ಮಾತು ಬರುತ್ತದೆ. ದೇವದಾರು ಅರಮನೆಯ ಮರ, ಸಿಕಮೋರ್ ಬಡವರ ಮನೆಯ ತೊಲೆ ಎಂಬ ತಾರತಮ್ಯ ಅಲ್ಲಿ ಸ್ಪಷ್ಟವಾಗಿದೆ. ಯೆರಿಕೋ ಪಟ್ಟಣದಲ್ಲಿ ಗಿಡ್ಡನಾದ ಸುಂಕದ ಅಧಿಕಾರಿ ಜಕ್ಕಾಯನು ಯೇಸುವನ್ನು ನೋಡಲು ಹತ್ತುವುದೂ ಇದೇ ಮರವನ್ನು.

ಹೆಸರು ಉತ್ತರಕ್ಕೆ ಪಯಣಿಸಿದಾಗ ಮರ ಅದರ ಜೊತೆಗೆ ಹೋಗಲಿಲ್ಲ. ಇಂಗ್ಲೆಂಡಿನಲ್ಲಿ ಸಿಕಮೋರ್ ಎಂದರೆ ಮೇಪಲ್ ಕುಲದ ಮರ. ಅಮೆರಿಕದಲ್ಲಿ ಪ್ಲೇನ್ ಕುಲದ ಮರ, ಅಂದರೆ ಕಾಶ್ಮೀರದ ಚಿನಾರಿನ ದಾಯಾದಿ. ಇವೆರಡಕ್ಕೂ ಅತ್ತಿಯ ಕುಲಕ್ಕೂ ಸಂಬಂಧವಿಲ್ಲ. ೨೦೨೩ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಹೇಡ್ರಿಯನ್ ಗೋಡೆಯ ಕಣಿವೆಯಲ್ಲಿದ್ದ ಒಂಟಿ ಸಿಕಮೋರ್ ಮರವನ್ನು ರಾತ್ರೋರಾತ್ರಿ ಕಡಿದುಹಾಕಿದಾಗ ಆ ದೇಶವೆಲ್ಲ ಮರುಗಿತು. ಅದು ಮೇಪಲ್ ಕುಲದ್ದು. ಹೆಸರು, ಸ್ಥಳ, ಚಿತ್ರ, ಕಥೆಗಳನ್ನು ಪಡೆದ ಮರವೊಂದು ಹೇಗೆ ಶೋಕಕ್ಕೆ ಅರ್ಹವಾಗುತ್ತದೆ ಎಂಬುದಕ್ಕೆ ಆ ಘಟನೆ ನಿದರ್ಶನ. ಅಂಥ ಹೆಸರು ದಕ್ಕದ ಮರ ಪಟ್ಟಿಯೊಂದರ ಕ್ರಮಸಂಖ್ಯೆಯಾಗಿ ಉರುಳುತ್ತದೆ.

ಭಾರತೀಯ ಭಾಷೆಗಳಿಗೆ ಬೈಬಲ್ಲನ್ನು ತಂದವರು ಈ ಗೊಂದಲದಲ್ಲಿ ಸಿಲುಕಲಿಲ್ಲವೆಂಬುದು ಗಮನಾರ್ಹ. ಜಕ್ಕಾಯನು ಮರಾಠಿಯಲ್ಲಿ ಉಂಬರವನ್ನು ಹತ್ತುತ್ತಾನೆ, ತೆಲುಗಿನಲ್ಲಿ ಮೇಡಿಯನ್ನು, ತಮಿಳಿನಲ್ಲಿ ಕಾಟ್ಟತ್ತಿಯನ್ನು. ಅವರು ಇಂಗ್ಲಿಷಿನ ಧ್ವನಿಯನ್ನು ಎರವಲು ಪಡೆಯಲಿಲ್ಲ. ಸಂಸ್ಕೃತದ ಗಂಭೀರ ಪದಕ್ಕೂ ಕೈಚಾಚಲಿಲ್ಲ. ತಮ್ಮ ಓದುಗರು ದಿನವೂ ಕಾಣುವ, ಏರಬಲ್ಲ, ಹಣ್ಣು ತಿನ್ನಬಲ್ಲ ಮರವನ್ನು ಆರಿಸಿದರು. ಜಕ್ಕಾಯನ ಕಥೆಯಲ್ಲಿ ಮುಖ್ಯವಾಗುವುದು ಊರಿನ ಸಾಹುಕಾರನೊಬ್ಬ ಮಾನ ಬಿಟ್ಟು ದಾರಿಬದಿಯ ಸಾಮಾನ್ಯ ಮರವನ್ನು ಏರಿದನೆಂಬ ಸಂಗತಿ. ದೇವರ ಮರವೆಂಬ ಪೂಜ್ಯಭಾವವುಳ್ಳ ಹೆಸರು ಅಲ್ಲಿ ಬಂದರೆ ಕಥೆಯ ಹಾಸ್ಯವೂ ಕರುಣೆಯೂ ಕೆಡುತ್ತವೆ. ಸಸ್ಯಶಾಸ್ತ್ರದ ದೃಷ್ಟಿಯಿಂದ ಎರಡೂ ಬೇರೆ ಜಾತಿಯ ಮರಗಳೇ. ಆದರೂ ಹಣ್ಣು ಬಿಡುವ ರೀತಿ, ಬೆಳೆಯುವ ನೆಲೆ, ಜನಜೀವನದಲ್ಲಿ ಪಡೆದ ಸ್ಥಾನ ಇವೆಲ್ಲ ಹೊಂದುತ್ತವೆ. ಜಾತಿಯ ನಿಖರತೆಗಿಂತ ಬಾಳಿನ ಸಾದೃಶ್ಯ ಅನುವಾದಕ್ಕೆ ಹೆಚ್ಚು ಬೇಕಾಗುತ್ತದೆ ಎಂಬ ತಿಳಿವು ಆ ಆಯ್ಕೆಯಲ್ಲಿದೆ.

ಇಷ್ಟು ಹೇಳಿದ ಮೇಲೆ ಮರದ ಸೌಂದರ್ಯದ ಪ್ರಶ್ನೆಯನ್ನು ಎತ್ತಬೇಕಾಗುತ್ತದೆ. ರುಮಡ ಸುಲಭವಾಗಿ ಕಣ್ಣು ಸೆಳೆಯುವ ಮರವಲ್ಲ. ಆಲದಂತೆ ಬಿಳಲು ಇಳಿಬಿಟ್ಟು ಮಂಟಪ ಕಟ್ಟುವುದಿಲ್ಲ. ಅಶ್ವತ್ಥದ ಎಲೆಯ ನಡುಕ ಇದಕ್ಕಿಲ್ಲ. ಮುತ್ತುಗ, ಹೊನ್ನೆಗಳಂತೆ ಹೂವಿನಿಂದ ಮೆರೆಯುವುದೂ ಇಲ್ಲ. ಇದರ ವಿಶೇಷ ಕಾಂಡದಲ್ಲಿದೆ. ಹಣ್ಣುಗಳು ಕೊಂಬೆಯ ತುದಿಗೆ ಕಾಯದೆ ನೇರವಾಗಿ ಬೊಡ್ಡೆಯ ಮೇಲೂ ದಪ್ಪ ರೆಂಬೆಗಳ ಮೇಲೂ ಗೊಂಚಲು ಗೊಂಚಲಾಗಿ ಮೂಡುತ್ತವೆ. ಹಸಿರು ಕಾಯಿ ಕಿತ್ತಳೆಗೆ, ಅಲ್ಲಿಂದ ಕೆಂಪಿಗೆ ತಿರುಗುವಾಗ ಬೂದು ತೊಗಟೆಯ ಮೇಲೆ ಆ ಬಣ್ಣಗಳು ಏಕಕಾಲಕ್ಕೆ ಕಾಣುತ್ತವೆ. ಕಾವ್ಯಮೀಮಾಂಸೆಯ ಅಭ್ಯಾಸದ ಕಣ್ಣು ಮರದ ಚೆಲುವನ್ನು ಹೂವಿನಲ್ಲಿ ಹುಡುಕುತ್ತದೆ. ಹೂವಿಲ್ಲದೆ ಹಣ್ಣು ಬಿಡುವ ಮರಗಳನ್ನು ಮನುಸ್ಮೃತಿ ಮತ್ತು ಆಯುರ್ವೇದದ ಪರಂಪರೆ ವನಸ್ಪತಿ ಎಂಬ ಪ್ರತ್ಯೇಕ ವರ್ಗದಲ್ಲಿಟ್ಟಿದ್ದು, ಉದುಂಬರ ಆ ವರ್ಗದ ಪ್ರಸಿದ್ಧ ಉದಾಹರಣೆ. ಹಿಂದಿಯ ಗೂಲರಿನ ಹೂ, ಮರಾಠಿಯ ಉಂಬರದ ಹೂ, ಕನ್ನಡದ ಅತ್ತಿಯ ಹೂ ಎಲ್ಲವೂ ಕಾಣಸಿಗದ ವಸ್ತುವನ್ನು ಸೂಚಿಸುವ ಮಾತುಗಳು. ಬೌದ್ಧ ಗ್ರಂಥಗಳಲ್ಲಿ ಬುದ್ಧನ ಅವತರಣ ಉದುಂಬರ ಪುಷ್ಪದಷ್ಟು ಅಪೂರ್ವ. ಗೌತಮನಿಗಿಂತ ಹಿಂದಿನ ಬುದ್ಧರಲ್ಲಿ ಒಬ್ಬನಾದ ಕನಕಮುನಿಗೆ ಬೋಧಿಯಾದ ಮರವೂ ಉದುಂಬರವೇ.

ಹೂವು ಇಲ್ಲವೆಂಬುದು ನಿಜವಲ್ಲ, ಒಳಗಿದೆ ಎಂಬುದು ನಿಜ. ಹಣ್ಣೆಂದು ಕಾಣುವ ಗುಂಡಗಿನ ರಚನೆಯ ಒಳಗೋಡೆಯಲ್ಲಿ ನೂರಾರು ಸೂಕ್ಷ್ಮ ಹೂಗಳಿವೆ. ಅತಿ ಸಣ್ಣ ಹೆಣ್ಣುಕಣಜವೊಂದು ತುದಿಯ ರಂಧ್ರದಿಂದ ಒಳನುಗ್ಗಿ ಪರಾಗವನ್ನು ಮುಟ್ಟಿಸಿ, ಮೊಟ್ಟೆಯಿಟ್ಟು, ಅಲ್ಲಿಯೇ ಸಾಯುತ್ತದೆ. ಅದರ ಮರಿಗಳಲ್ಲಿ ಹೆಣ್ಣುಗಳು ಹೊಸ ಪರಾಗವನ್ನು ಹೊತ್ತು ಬೇರೊಂದು ಮರವನ್ನು ಅರಸಿ ಹೋಗುತ್ತವೆ. ಕಣಜವಿಲ್ಲದೆ ಮರಕ್ಕೆ ಬೀಜವಿಲ್ಲ, ಮರವಿಲ್ಲದೆ ಕಣಜಕ್ಕೆ ವಂಶವಿಲ್ಲ. ಈಜಿಪ್ಟಿನ ಸಿಕಮೋರಿಗೆ ಅದರ ಕಣಜ ಅಲ್ಲಿ ದೊರೆಯದೆ, ರೈತರು ಕೊಂಬೆ ನೆಟ್ಟು ಮರ ಬೆಳೆಸಿದರು, ಕಾಯಿಯನ್ನು ಚೂರಿಯಿಂದ ಗೀರಿ ಹಣ್ಣಾಗಿಸಿದರು. ಆಮೋಸನ ಕಸುಬು ಇದೇ ಬಗೆಯದೆಂದು ವ್ಯಾಖ್ಯಾನಕಾರರು ತಿಳಿಯುತ್ತಾರೆ. ಕಾಣಕೋಣದ ರುಮಡಕ್ಕೆ ಚೂರಿ ಬೇಕಿಲ್ಲ, ಅದರ ಜೊತೆಗಾರ ಅಲ್ಲಿಯೇ ಇದ್ದಾನೆ.

ಇಲ್ಲಿ ಲೋಕೋಕ್ತಿಯ ವಿಮರ್ಶೆಯೂ ಅಗತ್ಯವಾಗುತ್ತದೆ. ಹೊರಗೆ ಚೆಂದ, ಬಿಚ್ಚಿ ನೋಡಿದರೆ ಹುಳ ಎಂಬರ್ಥದಲ್ಲಿ ಅತ್ತಿಹಣ್ಣನ್ನು ಕಪಟಕ್ಕೆ ಹೋಲಿಸುವುದು ಕನ್ನಡದಲ್ಲಿ ರೂಢಿ. ತೆಲುಗಿನಲ್ಲಿ ವೇಮನನ ಹೆಸರಿನ ಪದ್ಯವೊಂದು ಮೇಡಿಹಣ್ಣಿನ ಇದೇ ಹೋಲಿಕೆಯನ್ನು ಮನೆಮಾತಾಗಿಸಿದೆ. ನೀತಿಯ ದೃಷ್ಟಿಯಿಂದ ಹುಳವು ದೋಷ. ಮರದ ದೃಷ್ಟಿಯಿಂದ ಅದು ಹಣ್ಣಿನ ಕಾರಣ. ಗಾದೆಯು ಹಣ್ಣನ್ನು ಬಿಚ್ಚಿ ನೋಡಿದೆ, ಆದರೆ ನೋಡಿದ್ದನ್ನು ಮನುಷ್ಯನ ಶೀಲಕ್ಕೆ ಅನ್ವಯಿಸುವ ಅವಸರದಲ್ಲಿ ಹಣ್ಣನ್ನು ಕೈಬಿಟ್ಟಿದೆ. ಹಳ್ಳಿಯ ಮಕ್ಕಳು ಹಣ್ಣು ಬಿಡಿಸಿ, ಊದಿ, ಕೊಡವಿ ತಿನ್ನುವಾಗ ತೋರುವ ನಿರಾತಂಕ ಗಾದೆಗಿಂತ ವಸ್ತುನಿಷ್ಠವಾದದ್ದು. ಅತ್ತಿ ಎಂಬ ದೇಸಿ ಪದವನ್ನು ಸಮರ್ಥಿಸುವವರು ಈ ಭಾರವನ್ನೂ ಮರೆಯುವಂತಿಲ್ಲ. ದೇಸಿ ಹೆಸರು ತಾನಾಗಿಯೇ ಮುಗ್ಧವಾಗಿರುವುದಿಲ್ಲ.

ಔದುಂಬರ ಎಂಬ ಹೆಸರಿನ ಬಲ ಬೇರೆಯದು. ಸೋಮಯಾಗದ ಸದಸ್ಸಿನಲ್ಲಿ ನೆಡುವ ಕಂಬ ಉದುಂಬರದ್ದು. ರಾಜಸೂಯದಲ್ಲಿ ಅರಸನ ಆಸನಕ್ಕೂ ಅದೇ ಮರ. ಹಿರಣ್ಯಕಶಿಪುವಿನ ವಿಷದಿಂದ ಉರಿದ ನರಸಿಂಹನ ಉಗುರುಗಳನ್ನು ಈ ಮರದ ಹಣ್ಣು ತಣಿಸಿತೆಂದು ಗುರುಚರಿತ್ರೆಯ ಪರಂಪರೆ ನಂಬುತ್ತದೆ. ಭೀಮಾ ಮತ್ತು ಅಮರಜಾ ನದಿಗಳ ಸಂಗಮದ ಗಾಣಗಾಪುರದಲ್ಲಿ ಔದುಂಬರದ ನೆರಳಿನಲ್ಲಿ ಆ ಗ್ರಂಥದ ಪಾರಾಯಣ ಇಂದಿಗೂ ನಡೆಯುತ್ತದೆ. ಕನ್ನಡ ನೆಲದಲ್ಲಿ ಪಾರಾಯಣಗೊಳ್ಳುವ ಈ ಗ್ರಂಥ ಮರಾಠಿಯದು. ಎರಡು ಭಾಷೆಗಳ ನಡುವಿನ ಇಂಥದೇ ನಂಟು ಬೇಂದ್ರೆಯವರಲ್ಲೂ ಇದೆ. ಮರಾಠಿ ಮನೆಮಾತಿನ ಅವರು ‘ಅಂಬಿಕಾತನಯದತ್ತ’ರಾಗಿ ಕನ್ನಡದ ವರಕವಿಯಾದರು, ಅವರ ಸಮಗ್ರ ಕವಿತೆಗಳ ಸಂಪುಟಗಳಿಗೆ ‘ಔದುಂಬರಗಾಥೆ’ ಎಂಬ ಹೆಸರು ಬಂದಿತು. ಅಲ್ಲಿ ಆ ಪದ ಸಾರ್ಥಕ. ದತ್ತ ಎಂಬ ಅಂಕಿತಕ್ಕೂ ಔದುಂಬರಕ್ಕೂ ಆಸನ ಮತ್ತು ದೇವತೆಯ ಸಂಬಂಧವಿದ್ದು, ಅದನ್ನು ಅತ್ತಿಯ ಗಾಥೆಯೆಂದರೆ ಅರ್ಥ ಕುಗ್ಗುತ್ತದೆ.

ಆದರೆ ಇದೇ ಪದ ಎಲ್ಲೆಡೆಯೂ ದೇವತೆಯನ್ನೇ ತರಬೇಕೆಂಬ ನಿಯಮವಿಲ್ಲ. ಮರಾಠಿಯ ಬಾಲಕವಿ ತ್ರ್ಯಂಬಕ ಬಾಪೂಜಿ ಠೋಂಬರೆಯವರ ‘ಔದುಂಬರ’ ಎಂಟೇ ಸಾಲುಗಳ ಕವಿತೆ. ಹಳ್ಳ, ಊರು, ಹಸಿರು, ಕಾಲುದಾರಿಗಳ ಮೂಲಕ ಸಾಗಿದ ನೋಟ ಕೊನೆಗೆ ಮರದಲ್ಲಿ ಬಂದು ನಿಲ್ಲುತ್ತದೆ. ಶೀರ್ಷಿಕೆಯ ಪದ ಹಿಡಿದ ವಿಮರ್ಶಕರು ಆ ಮರದಲ್ಲಿ ವಿರಕ್ತ ಯೋಗಿಯನ್ನು, ದತ್ತಗುರುವನ್ನು, ಸಾವಿನ ಛಾಯೆಯನ್ನು ಕಂಡಿದ್ದಾರೆ. ಕವಿತೆಯ ಚಿತ್ರ ಹಿಡಿದವರು ಇದು ಕೇವಲ ನೋಟವೆಂದು ವಾದಿಸಿದ್ದಾರೆ. ಈ ವಾದ ಮುಗಿಯದಿರುವುದಕ್ಕೆ ಕಾರಣ ಹೆಸರಿಗೂ ಚಿತ್ರಕ್ಕೂ ಇರುವ ಅಂತರ. ಹೆಸರು ಗುಡಿಯಿಂದ ಬಂದಿದೆ, ಚಿತ್ರ ಹಳ್ಳದ ದಡದಿಂದ ಬಂದಿದೆ. ನೀರಿನೊಡನೆ ಆ ಮರಕ್ಕಿರುವ ಸಲುಗೆಯೇ ಕವಿತೆಯ ಜೀವ. ವರಾಹಮಿಹಿರನ ಬೃಹತ್ಸಂಹಿತೆಯು ನೆಲದಡಿಯ ಜಲವನ್ನು ಗುರುತಿಸುವ ಅಧ್ಯಾಯದಲ್ಲಿ ಉದುಂಬರವನ್ನು ಜಲಸೂಚಕ ಮರಗಳಲ್ಲಿ ಎಣಿಸುತ್ತದೆ. ಕಾಣಕೋಣದ ಹಳ್ಳದ ದಡದಲ್ಲಿ ರುಮಡವನ್ನು ಕಂಡವರಿಗೆ ಬಾಲಕವಿಯ ಕವಿತೆಯ ಕೊನೆಯ ಚಿತ್ರ ರೂಪಕವೆನ್ನಿಸುವ ಮೊದಲು ವರದಿಯೆನ್ನಿಸುತ್ತದೆ.

ಕಾಣಕೋಣಕ್ಕೆ ಈ ಚರ್ಚೆ ವಿಶೇಷವಾಗಿ ಸಲ್ಲಲು ಕಾರಣಗಳಿವೆ. ಈ ಪ್ರದೇಶ ಸೋದೆ ಅರಸರ ಆಳ್ವಿಕೆಯಲ್ಲಿತ್ತು. ಹೈದರಾಲಿಯ ದಾಳಿಯಿಂದ ೧೭೬೩-೬೪ರ ಸುಮಾರಿಗೆ ಸೋದೆಯ ಅರಸ ಗೋವೆಯಲ್ಲಿ ಆಶ್ರಯ ಪಡೆದ ಮೇಲೆ, ಹದಿನೆಂಟನೆಯ ಶತಮಾನ ಮುಗಿಯುವಷ್ಟರಲ್ಲಿ ಅದು ಪೋರ್ಚುಗೀಸರ ‘ಹೊಸ ವಿಜಯ’ಗಳಲ್ಲಿ ಸೇರಿತು. ಹಳೆಯ ಗೋವೆಯ ದಾಖಲೆಗಳಿಗೆ ಬಳಕೆಯಾದ ಗೋಯ್‌ಕಾನಡಿ ಲಿಪಿ ಕನ್ನಡ ಲಿಪಿಯ ಬಳಗದ್ದು. ತಾಲ್ಲೂಕಿನ ಮುಖ್ಯ ಪೇಟೆಯ ಹೆಸರು ಚಾವಡಿ. ಕನ್ನಡಿಗನಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಶ್ರೀಸ್ಥಳದ ಮಲ್ಲಿಕಾರ್ಜುನ, ಪೈಂಗಿಣದ ಬೇತಾಳ, ಪರ್ತಗಾಳಿಯ ಜೀವೋತ್ತಮ ಮಠ, ಗಾವಡೋಂಗರಿ ಮತ್ತು ಖೋತಿಗಾಂವದ ಕಾಡಂಚಿನ ವೇಳಿಪರ ವಾಡೆಗಳು, ಹೀಗೆ ಒಂದೇ ತಾಲ್ಲೂಕಿನಲ್ಲಿ ಹಲವು ಆರಾಧನಾ ಲೋಕಗಳು ಒಟ್ಟಿಗಿವೆ. ಪರ್ತಗಾಳಿ ಮಠದ ಬಳಿಯ ವಿಶಾಲವಾದ ಆಲದ ಮರ ಪ್ರವಾಸಿಗರ ಪುಸ್ತಕಗಳಲ್ಲಿ ಜಾಗ ಪಡೆದಿದೆ. ರುಮಡಕ್ಕೆ ಅಂಥ ಕೀರ್ತಿಯಿಲ್ಲ. ಮಂಗಟ್ಟೆ, ಬಾವಲಿ, ಅಳಿಲುಗಳು ಅದನ್ನು ಬಲ್ಲವು. ಸೌದೆಗೂ ಮರಗೆಲಸಕ್ಕೂ ಹೆಚ್ಚು ಬಾಳದ ಮರವೆಂದು ಮನುಷ್ಯ ಅದನ್ನು ಬಿಟ್ಟಿದ್ದಾನೆ.

ಹೆಸರಿನ ತೊಡಕು ಗಂಭೀರವಾಗುವುದು ಇಲ್ಲಿಯೇ. ಪುಷ್ಯಮಾಸದಲ್ಲಿ ಮಾಂಡದ ಅಂಗಳದಲ್ಲಿ ಹೆಂಗಸರು ಹಾಡಿ ಕುಣಿಯುವ ಧಾಲೊ, ಚೌತಿಯಲ್ಲಿ ಗಣಪತಿಯ ಮೇಲೆ ಕಾಡಿನ ಕಾಯಿ, ಹಣ್ಣು, ಬಳ್ಳಿಗಳನ್ನು ಕಟ್ಟುವ ಮಾಟೋಳಿ, ಇವು ಸಸ್ಯಗಳ ಹೆಸರನ್ನು ಬಾಯಿಂದ ಬಾಯಿಗೆ ಉಳಿಸಿದ ಶಾಲೆಗಳು. ಈ ಜ್ಞಾನ ಕನ್ನಡಕ್ಕೆ ನೇರವಾಗಿ ಬರುವುದು ವಿರಳ. ಬಂದರೆ ಮರಾಠಿಯ ಇಲ್ಲವೇ ಇಂಗ್ಲಿಷಿನ ದಾರಿಯಿಂದ ಬರುತ್ತದೆ. ಮರಾಠಿಯ ದಾರಿಯಲ್ಲಿ ರುಮಡವು ಔದುಂಬರವಾಗಿ ದತ್ತಸಂಪ್ರದಾಯದ ಮುಡಿಗೇರುತ್ತದೆ. ಬೇತಾಳನ ಊರಿನ ಹಾಡುಗಾರ್ತಿಯ ಬಾಯಲ್ಲಿ ಇರದಿದ್ದ ಪುರಾಣವೊಂದು ಅವಳಿಗೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನ ದಾರಿಯಲ್ಲಿ ಅದು ಬರಿಯ ಕಾಡು ಅಂಜೂರವಾಗಿ, ಅಂಗಡಿಯ ಒಣಹಣ್ಣನ್ನು ನೆನಪಿಗೆ ತಂದು ನಿಲ್ಲುತ್ತದೆ. ಎರಡೂ ದಾರಿಗಳಲ್ಲಿ ಕಳೆದುಹೋಗುವ ಸಂಗತಿ ಒಂದೇ: ಗಡಿಯ ಆಚೆಯ ರುಮಡ, ಈಚೆಯ ಅತ್ತಿ ಒಂದೇ ಹಳ್ಳದ ಮರವೆಂಬ ನೆರೆಹೊರೆಯ ತಿಳಿವು. ಕಿಟ್ಟೆಲ್ ನಿಘಂಟು ೧೮೯೪ರಲ್ಲಿಯೇ ಅತ್ತಿ ಎಂಬ ಪದವನ್ನು ಸಸ್ಯನಾಮದೊಡನೆ ದಾಖಲಿಸಿತ್ತು. ಪದದ ಕೊರತೆ ಕನ್ನಡಕ್ಕಿಲ್ಲ. ಕೊರತೆಯಿರುವುದು ನೆರೆಯ ಮಾತನ್ನು ನೇರವಾಗಿ ಕೇಳಿಸಿಕೊಳ್ಳುವ ಅಭ್ಯಾಸದಲ್ಲಿ.

ಈ ಅಭ್ಯಾಸಕ್ಕೆ ಗಡಿಯ ಲೇಖಕರೇ ಆಧಾರವಾಗಬಲ್ಲರು. ೧೯೪೩ರಲ್ಲಿ ಮಾಜಾಳಿಯಲ್ಲಿ ಹುಟ್ಟಿ, ಕೊಂಕಣಿಯಲ್ಲಿ ಬರೆದು, ‘ಹಾವಠಣ’ ಕಾದಂಬರಿಗೆ ೨೦೧೬ರ ಸರಸ್ವತಿ ಸಮ್ಮಾನ ಪಡೆದ ಮಹಾಬಳೇಶ್ವರ ಸೈಲ್ ಅವರಂಥವರಿಗೆ ಮಣ್ಣು, ನೀರು, ಗಿಡಗಳ ಶಬ್ದಲೋಕ ಕಾಳೀನದಿಯ ಎರಡೂ ಭಾಷೆಗಳ ನಡುವೆ ರೂಪುಗೊಂಡದ್ದು. ಅಂಥ ಕೃತಿಗಳನ್ನು ಕನ್ನಡಕ್ಕೆ ತರುವವರ ಮುಂದಿನ ಸಸ್ಯನಾಮದ ಪ್ರಶ್ನೆಯನ್ನು ಕಾರವಾರದ ಮನೆಯಂಗಳದಲ್ಲಿ ಕೇಳಿ ಬಗೆಹರಿಸಬಹುದು. ಇಂಗ್ಲಿಷ್ ಅನುವಾದವನ್ನು ತೆರೆಯುವ ಅಗತ್ಯ ಬೀಳದು.

ಒಂದು ಆಕ್ಷೇಪ ಸಾಧ್ಯ. ರುಮಡವನ್ನು ರುಮಡವೆಂದೇ ಉಳಿಸಿದರೆ ಮೂಲಕ್ಕೆ ಹೆಚ್ಚು ನಿಷ್ಠೆ ಸಲ್ಲುವುದಿಲ್ಲವೇ? ಅಲ್ಪಸಂಖ್ಯಾತ ಭಾಷೆಯ ಪದವನ್ನು ದೊಡ್ಡ ಭಾಷೆ ನುಂಗಿಹಾಕಬಾರದೆಂಬ ಕಳಕಳಿ ಈ ಆಕ್ಷೇಪದ ಹಿಂದಿದೆ, ಅದನ್ನು ತಳ್ಳಿಹಾಕಲಾಗದು. ಗೋವೆಯಲ್ಲಿ ೧೯೮೭ರಲ್ಲಿ ರಾಜಭಾಷೆಯಾಗಿ, ೧೯೯೨ರಲ್ಲಿ ಸಂವಿಧಾನದ ಎಂಟನೆಯ ಪರಿಚ್ಛೇದವನ್ನು ಸೇರಿದ ಕೊಂಕಣಿ, ಕರ್ನಾಟಕದಲ್ಲಿ ಇಂದಿಗೂ ಮನೆಮಾತಿನ ಮಟ್ಟದಲ್ಲಿಯೇ ಹೆಚ್ಚಾಗಿ ಬಾಳುತ್ತಿದೆ. ಆದರೂ ಪದವನ್ನು ಹಾಗೆಯೇ ಉಳಿಸುವುದು ಎಲ್ಲ ಸಂದರ್ಭದಲ್ಲೂ ನಿಷ್ಠೆಯಾಗುವುದಿಲ್ಲ. ಹಾಡುಗಾರ್ತಿಗೆ ರುಮಡ ಅತಿ ಪರಿಚಿತ ಮರ. ಕನ್ನಡದ ಓದುಗನಿಗೆ ಅದು ಅಪರಿಚಿತ ಪದವಾಗಿ ಎದುರಾದರೆ, ಮೂಲದಲ್ಲಿಲ್ಲದ ದೂರವೊಂದು ಅನುವಾದದಲ್ಲಿ ಹುಟ್ಟುತ್ತದೆ. ಆದುದರಿಂದ ಪದದ ಆಯ್ಕೆಗೆ ಮಾತನಾಡುವವರು ಯಾರು ಎಂಬುದೇ ಅಳತೆಗೋಲಾಗಬೇಕು. ಕಥನದ ಧ್ವನಿ ದಿನಬಳಕೆಯ ಮರವನ್ನು ಕಾಣುವಲ್ಲಿ ಅತ್ತಿ. ಪ್ರಾಸ, ಲಯ, ಸ್ಥಳನಾಮಗಳು ಪದವನ್ನೇ ಹಿಡಿದು ನಿಂತಿರುವಲ್ಲಿ ರುಮಡ. ದತ್ತಭಕ್ತನ ಪ್ರಾರ್ಥನೆ ಕೇಳುವಲ್ಲಿ ಮಾತ್ರ ಔದುಂಬರ. ಒಂದೇ ಕೃತಿಯೊಳಗೆ ಮೂರೂ ಬರಬಹುದು. ಏಕರೂಪತೆಗಾಗಿ ಅವುಗಳನ್ನು ಒಂದಾಗಿಸುವ ಸಂಪಾದಕನ ಶಿಸ್ತು ಇಲ್ಲಿ ದೋಷವಾಗುತ್ತದೆ.

ಈ ಚರ್ಚೆ ಪುಸ್ತಕದ ಹೊರಗೂ ಪರಿಣಾಮ ಉಳ್ಳದ್ದು. ಗೋವೆಯಲ್ಲಿ ಮರಗಳ ಸಂರಕ್ಷಣೆಗೆ ೧೯೮೪ರಿಂದ ಕಾಯಿದೆಯಿದೆ. ರಾಷ್ಟ್ರೀಯ ಹೆದ್ದಾರಿಯ ಕಾಣಕೋಣ ಬೈಪಾಸ್ ೨೦೧೯ರಲ್ಲಿ ತೆರೆದ ಮೇಲೆ ತಳಪಣ ಮತ್ತು ಗಾಲ್ಜಿಬಾಗ ಹೊಳೆಗಳನ್ನು ದಾಟುವ ದಾರಿ ಸಲೀಸಾಗಿದೆ, ಹಳ್ಳದ ಬದಿಯ ನೆಲಕ್ಕೆ ಬೆಲೆ ಬಂದಿದೆ. ಕಾಯಿದೆಯ ಕಡತ ಮರವನ್ನು ಎಣಿಸಬಲ್ಲದು. ಆ ಮರ ನೀರಿನ ಗುರುತು, ಹಕ್ಕಿಗಳ ಬೇಸಗೆಯ ಆಹಾರ, ಹಾಡಿನ ಪದ ಎಂಬುದನ್ನು ಎಣಿಸಲಾರದು. ಅದನ್ನು ಉಳಿಸಿಕೊಳ್ಳಬೇಕಾದುದು ಸಾಹಿತ್ಯ, ಜಾನಪದ ಸಂಗ್ರಹ ಮತ್ತು ಅನುವಾದ. ಇಂಗ್ಲೆಂಡಿನ ಕಣಿವೆಯ ಮರಕ್ಕೆ ದೊರೆತ ಶೋಕ ರುಮಡಕ್ಕೂ ದೊರೆಯಬೇಕಾದರೆ, ಅದಕ್ಕೆ ಮೊದಲು ಅದರದೇ ಹೆಸರು ಪುಟದ ಮೇಲೆ ಇರಬೇಕು.

ಸಂಸ್ಕೃತ ಕೋಶಗಳಲ್ಲಿ ಉದುಂಬರ ಎಂಬುದಕ್ಕೆ ಹೊಸ್ತಿಲು ಎಂಬ ಅರ್ಥವೂ ಇದೆ. ಮರಾಠಿಯ ಉಂಬರಠಾ ಆ ನೆನಪನ್ನು ದಿನಬಳಕೆಯಲ್ಲಿ ಉಳಿಸಿಕೊಂಡಿದೆ. ಕಾಣಕೋಣವು ಕೊಂಕಣಿ ಮತ್ತು ಕನ್ನಡಗಳ ನಡುವಿನ ಹೊಸ್ತಿಲು. ಎರಡೂ ಮನೆಯವರು ಅದನ್ನು ದಿನವೂ ದಾಟುತ್ತಾರೆ. ದಾಟುವಾಗ ಆ ಮರದ ಹೆಸರನ್ನು ಪರಸ್ಪರ ಕೇಳಿ ತಿಳಿದುಕೊಳ್ಳುವುದು ಕಷ್ಟದ ಕೆಲಸವೇನಲ್ಲ. ಆದರೆ ಎರಡು ಸಾಹಿತ್ಯಗಳ ನಡುವಿನ ಎಷ್ಟೋ ಕೆಲಸ ಅಷ್ಟನ್ನೂ ಮಾಡದೆ ಉಳಿದಿದೆ.